ಬಾಣಂತನಕ್ಕೊಂದು ಬಚ್ಚಲು

ದಾವಣಗೆರೆಯ ವಿದ್ಯಾನಗರದ ಕಡೆ ಯಾವ ಮನೆಯಲ್ಲಾದರೂ ಕೂಸು ಹುಟ್ಟಿತೆಂದರೆ, ಅದು ಆಸ್ಪತ್ರೆಯಿಂದ ಮನೆಗೆ ಬರುವ ಮೊದಲೇ ದುರುಗಮ್ಮನಿಗೆ ಫೋನು ಹೋಗಿರುತ್ತದೆ. ಅವಳು ಕೂಸುಗಳಿಗೆ ಎರೆಯುವವಳು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ಹಚ್ಚಿ ನೀವಿ, ಬಿಸಿನೀರು ಹಾಕಿ, ಹೊಗೆ ಕೊಟ್ಟು, ಬಟ್ಟೆಯಲ್ಲಿ ಸುತ್ತಿ ಮಲಗಿಸಿದಳೆಂದರೆ ಆ ಕೂಸು ಮಧ್ಯಾಹ್ನದವರೆಗೆ ಅಲುಗಾಡುವುದಿಲ್ಲ. ಆಮೇಲೆ ಬಾಣಂತಿಯ ಪಾಳಿ. ಬಾಣಂತಿಗೆ ಹಂಡೆಗಟ್ಟಲೆ ನೀರು ಬೇಕು. ನಡುವಿಗೆ, ಬೆನ್ನಿಗೆ, ಹೊಟ್ಟೆಗೆ ರಪರಪ ಬೀಳಬೇಕು. ಬಾಣಂತಿ ಅಯ್ಯೋ ಅನ್ನಬೇಕು, ಆಮೇಲೆ ಅಲ್ಲೇ ತೂಕಡಿಸಬೇಕು. ಅಷ್ಟಾದರೆ ಎರೆದದ್ದು ಸಾರ್ಥಕ.

ಈ ಕೆಲಸದಿಂದ ಅವಳಿಗೆ ಊರಿನ ಬಚ್ಚಲುಗಳ ಪರಿಚಯ ಚೆನ್ನಾಗಿ ಆಗಿತ್ತು. ಬೇರೆಯವರು ಒಂದು ಮನೆಯನ್ನು ಹೊರಗಿನ ಬಣ್ಣ ನೋಡಿ, ಮುಂದೆ ನಿಂತ ಕಾರು ನೋಡಿ ಅಳೆದರೆ ಇವಳು ಬಚ್ಚಲು ನೋಡಿ ಅಳೆಯುತ್ತಿದ್ದಳು. "ಹಾಲ್ ದೊಡ್ಡದೈತೆ, ಏನ್ ಬಂತು? ಬಚ್ಚಲದಾಗೆ ಕಾಲು ಚಾಚಂಗಿಲ್ಲ" ಎಂದು ಎಂಥೆಂಥ ಬಂಗಲೆಗಳನ್ನೋ ಒಂದೇ ಮಾತಿನಲ್ಲಿ ಕೆಳಗಿಳಿಸಿಬಿಡುತ್ತಿದ್ದಳು. ಈಗ ಅವಳು ದಿನಾ ಹೋಗುತ್ತಿದ್ದ ವಾಣಿಶ್ರೀಯ ಮನೆಯ ಬಚ್ಚಲಂತೂ ದುರುಗಮ್ಮನ ಇಡೀ ಮನೆಯಷ್ಟಿತ್ತು. ಇದು ಹೊಟ್ಟೆಕಿಚ್ಚಿನ ಮಾತಲ್ಲ, ಇದ್ದದ್ದೇ ಹಾಗೆ.

ಅವಳ ಮನೆ ಇದ್ದದ್ದು ಹೊಂಡದ ಸರ್ಕಲ್ಲಿನ ಹಿಂದಿನ ಗಲ್ಲಿಯಲ್ಲಿ, ಕಿರಾಣಿ ವ್ಯಾಪಾರಿ ಬಕ್ಕೇಶಪ್ಪನವರ ವಠಾರದಲ್ಲಿ. ಮೇಲೆ ಮಾಲೀಕರು, ಕೆಳಗೆ ನಾಲ್ಕು ಬಾಡಿಗೆ ಮನೆಗಳು. ಮನೆಯೆಂದರೆ ಒಂದು ಕೋಣೆ, ಅದರ ಮೂಲೆಗೆ ಅಡುಗೆ ಕಟ್ಟೆ. ನಾಲ್ಕೂ ಮನೆಗೆ ಸೇರಿ ಹಿತ್ತಲಲ್ಲಿ ತಗಡಿನ ಬಾಗಿಲಿನ ಒಂದು ಬಚ್ಚಲು. ಅದರಲ್ಲಿ ನಿಂತುಕೊಂಡು ಮೈ ತೊಳೆಯಬಹುದು, ಕೂರುವುದಕ್ಕೆ ಆಗದು. ಊರ ಕೂಸುಗಳನ್ನೆಲ್ಲ ಕಾಲ ಮೇಲೆ ಹಾಕಿಕೊಂಡು ಎರೆದವಳು ಸ್ವಂತ ಬಚ್ಚಲಲ್ಲಿ ಕಾಲು ಚಾಚಿದವಳಲ್ಲ. ಗಂಡ ಮಾಲತೇಶಪ್ಪ ಬಸ್ ಸ್ಟ್ಯಾಂಡ್ ಹತ್ತಿರದ ಮಂಡಕ್ಕಿ ಅಂಗಡಿಯಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯುವವನು. ಒಬ್ಬಳೇ ಮಗಳು ಭವ್ಯಾ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಭವ್ಯಾಳ ಮದುವೆಗೆ ದುರುಗಮ್ಮ ಹೇಳಿದ್ದು ಒಂದೇ ಒಂದು. ಉಳಿದ ಒಂಬೈನೂರ ತೊಂಬತ್ತೊಂಬತ್ತನ್ನೂ ಹೇಳಿದ್ದರೂ ಇಷ್ಟು ನಷ್ಟವಾಗುತ್ತಿರಲಿಲ್ಲವೇನೋ.

ಅದು ಆದದ್ದು ಹೀಗೆ. ಹರಿಹರದಿಂದ ಹೆಣ್ಣು ನೋಡಲು ಬಂದಿದ್ದರು. ಹುಡುಗ ರವಿಚಂದ್ರ, ಲೇತ್ ಅಂಗಡಿಯಲ್ಲಿ ಕೆಲಸ. ಅವನ ತಾಯಿ ಪುಷ್ಪಲತಾ, ಮಾತಿಗಿಂತ ಕಣ್ಣು ಚುರುಕಾದ ಹೆಂಗಸು. ಅವನ ತಂದೆ ಮುಚ್ಚಿಹೋದ ಒಂದು ಕಾರ್ಖಾನೆಯಲ್ಲಿ ದುಡಿದವರು. ಮೂವರೂ ಚಾಪೆಯ ಮೇಲೆ ಕೂತಿದ್ದರು. ಒಗ್ಗರಣೆ ಮಂಡಕ್ಕಿಯ ತಟ್ಟೆ ಕೈಗೆ ಬಂದಿತ್ತು, ಮಾಲತೇಶಪ್ಪ ತಾನೇ ಕರಿದು ತಂದ ಬಿಸಿ ಮಿರ್ಚಿಯೂ ಬಂದಿತ್ತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಕದ್ದು ನೋಡುವುದು ನಡೆದಿತ್ತು. ಎಲ್ಲ ಸರಿಯಾಗಿತ್ತು. ಅಷ್ಟರಲ್ಲಿ ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಒಬ್ಬ ಹುಡುಗಿ ವಠಾರದೊಳಗೆ ಬಂದಳು. ಮನೆ ಇಲ್ಲದವರಿಗೆ ಸರ್ಕಾರ ಮನೆ ಕಟ್ಟಿಕೊಡುತ್ತದೆ, ಅದಕ್ಕೆ ಸರ್ವೆ ಎಂದಳು. ಮೊದಲು ಪಕ್ಕದ ಮನೆಯ ಜೈನಾಬಿಯನ್ನು ಕೇಳಿದಳು. ಮಂಡಕ್ಕಿ ಭಟ್ಟಿಗೆ ಹೋಗುವ ಜೈನಾಬಿಯ ಗಂಟಲು ಗಲ್ಲಿಗೆಲ್ಲ ಕೇಳುವಂಥದ್ದು. "ಬಾಡಿಗಿ ಮನಿ ಬೇಟಿ! ನನ್ ಮದ್ವಿ ಆದಾಗಿಂದ್ಲೂ ಬಾಡಿಗಿನೇ!" ಎಂದು ಹಾಡಿದ ಹಾಗೆ ಹೇಳಿದಳು. ಆಮೇಲೆ ಹುಡುಗಿ ದುರುಗಮ್ಮನ ಬಾಗಿಲಿಗೆ ಬಂದು ನಿಂತಳು.

"ಅಕ್ಕ, ಈ ಮನೆ ಯಾರದು?"

"ನಮ್ಮನಿನೇ ರೀ," ಎಂದಳು ದುರುಗಮ್ಮ.

ಇದರಲ್ಲಿ ಸುಳ್ಳೇನೂ ಇರಲಿಲ್ಲ. ಬಾಡಿಗೆಯವರೂ ನಮ್ಮನೆ ಎಂದೇ ಅನ್ನುವುದು. ಬಕ್ಕೇಶಪ್ಪನವರ ಮನೆಗೆ ಊಟಕ್ಕೆ ಬರ್ರಿ ಎಂದು ಯಾರೂ ನೆಂಟರನ್ನು ಕರೆಯುವುದಿಲ್ಲ. ಆದರೆ ಆ ಹುಡುಗಿ ತನ್ನ ಕೆಲಸದಲ್ಲಿ ಚೊಕ್ಕ. "ನಿಮ್ದು ಅಂದ್ರೆ ಸ್ವಂತದ್ದಾ, ಬಾಡಿಗೆದಾ?" ಎಂದು ಮತ್ತೆ ಕೇಳಿದಳು. ಒಳಗೆ ಮಂಡಕ್ಕಿ ಅಗಿಯುವ ಸದ್ದು ನಿಂತಂತಾಯಿತು. ನಿಜವಾಗಿ ನಿಂತಿತೋ, ದುರುಗಮ್ಮನಿಗೆ ಹಾಗೆ ಕೇಳಿಸಿತೋ, ದೇವರೇ ಬಲ್ಲ.

"ಹೂಂನ್ರಿ, ಸ್ವಂತದ್ದೇ."

ಮಾಲತೇಶಪ್ಪ ತಲೆ ಎತ್ತಿ ಸೂರು ನೋಡಿದ. ಹುಡುಗಿ ಬೆರಳಿನಿಂದ ಟ್ಯಾಬಿನ ಮೇಲೆ ಒತ್ತಿ ಮುಂದಿನ ಬಾಗಿಲಿಗೆ ಹೋದಳು. ಒಳಗೆ ಪುಷ್ಪಲತಾ, "ಇನ್ನೊಂದು ಮಿರ್ಚಿ ಹಾಕ್ರಿ ಬೀಗರೇ," ಎಂದಳು. ಬೀಗರೇ ಎಂದ ಮೇಲೆ ಸಂಬಂಧ ಕುದುರಿದಂತೆಯೇ ಲೆಕ್ಕ. ದುರುಗಮ್ಮನಿಗೆ ಆ ಹೊತ್ತಿನಲ್ಲಿ ಮೈಯೆಲ್ಲ ಹಗುರವಾಯಿತು. ಒಂದು ಮಾತಿಗೆ ಮಗಳ ಬಾಳು ನೇರಾಯಿತು ಎಂದುಕೊಂಡಳು.

ಮರುದಿನವೇ ಹೋಗಿ ಸರಿಪಡಿಸಿ ಬರಬೇಕೆಂದು ಅವಳಿಗೆ ಅನಿಸಿದ್ದುಂಟು. ಆದರೆ ಸರಿಪಡಿಸಲು ಹೋದರೆ ಮತ್ತೆ ಯಾರೋ ಬರುತ್ತಾರೆ, ಮತ್ತೆ ಬಾಗಿಲಲ್ಲಿ ನಿಂತು ಕೇಳುತ್ತಾರೆ, ಮಾತು ಹರಿಹರ ಮುಟ್ಟುತ್ತದೆ. ದಾವಣಗೆರೆಯಲ್ಲಿ ಸೀನಿದರೆ ಹರಿಹರದಲ್ಲಿ ಚಿರಂಜೀವಿ ಅನ್ನುವಷ್ಟು ಹತ್ತಿರ ಎರಡೂ ಊರು. ಮದುವೆ ಮುಗಿಯಲಿ ಎಂದುಕೊಂಡಳು. ಮದುವೆ ಮುಗಿದ ಮೇಲೆ, ಹುಡುಗಿ ಆ ಮನೆಗೆ ಹೊಂದಿಕೊಳ್ಳಲಿ ಎಂದುಕೊಂಡಳು. ಹುಡುಗಿ ಹೊಂದಿಕೊಂಡಳು. ಅಷ್ಟರಲ್ಲಿ ಕೊಂಡಜ್ಜಿ ರಸ್ತೆಯ ಕಡೆ ಮನೆಗಳು ಎದ್ದು ನಿಂತವು, ಜೈನಾಬಿಗೆ ಬೀಗದ ಕೈ ಬಂತು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುವುದು ಉಳ್ಳವರ ಗಾದೆ. ದುರುಗಮ್ಮ ಮದುವೆ ಮಾಡಲು ಹೋಗಿ ಮನೆ ಕಳೆದುಕೊಂಡಳು.

ಜೈನಾಬಿ ಎಲ್ಲರಿಗೂ ಪೇಡೆ ಹಂಚಿ, ದುರುಗಮ್ಮನನ್ನು ಕೈಹಿಡಿದು ಎಳೆದುಕೊಂಡು ಹೋಗಿ ಹೊಸ ಮನೆ ತೋರಿಸಿದಳು. ಒಂದು ಕೋಣೆ, ಅಡುಗೆಮನೆ, ಒಳಗೇ ಬಚ್ಚಲು. ದುರುಗಮ್ಮ ಕೋಣೆ ನೋಡಲಿಲ್ಲ. ನೇರ ಬಚ್ಚಲಿಗೆ ಹೋಗಿ, ಒಣನೆಲದ ಮೇಲೆ ಕೂತು, ಎರಡೂ ಕಾಲು ಚಾಚಿದಳು. ಹಿಮ್ಮಡಿ ಗೋಡೆಗೆ ತಾಕಲಿಲ್ಲ.

"ಯಾಕಕ್ಕ, ಎರ್ಕಳಾಕ ಬಂದೀಯೇನು?" ಎಂದು ಜೈನಾಬಿ ನಕ್ಕಳು.

ದುರುಗಮ್ಮನೂ ನಕ್ಕಳು. ಆದರೆ ಬೇಗ ಏಳಲಿಲ್ಲ. ಇದು ತನಗೂ ಬರಬೇಕಾಗಿತ್ತು, ತಾನೇ ಬಾಗಿಲಲ್ಲಿ ನಿಂತು ಬೇಡ ಎಂದು ಕಳಿಸಿದೆ ಎನ್ನುವುದು ಅವಳಿಗೆ ಅಂದು ಕಣ್ಣಾರೆ ಕಂಡಿತು. ಮನೆಗೆ ಬಂದು ಗಂಡನ ಮುಂದೆ ಹೇಳಿಕೊಂಡರೆ, ಅವನು ಬಜ್ಜಿ ತಿರುವಿ ಹಾಕಿದಷ್ಟು ಸಲೀಸಾಗಿ, "ಸ್ವಂತ ಮನಿ ಯಜಮಾನ್ತಿಗೆ ಸರ್ಕಾರ ಯಾಕ ಮನಿ ಕೊಡ್ತದೆ?" ಎಂದ. ಆ ರಾತ್ರಿ ಅವನಿಗೆ ತಣ್ಣನೆಯ ಮುದ್ದೆ ಸಿಕ್ಕಿತು.

ಇಷ್ಟಕ್ಕೇ ನಿಂತಿದ್ದರೆ ಹೊಟ್ಟೆಗೆ ಹಾಕಿಕೊಂಡು ಸುಮ್ಮನಿರುತ್ತಿದ್ದಳು. ಭವ್ಯಾ ಬಸುರಿಯಾದಳು. ಏಳು ತಿಂಗಳಿಗೆ ಹರಿಹರದಲ್ಲಿ ಕುಬುಸದ ಶಾಸ್ತ್ರ ಮಾಡಿದರು. ಹಸಿರು ಸೀರೆ ಉಟ್ಟು ಕೂತ ಮಗಳನ್ನು ನೋಡಿ ದುರುಗಮ್ಮನ ಕಣ್ಣು ತುಂಬಿತ್ತು. ಆರತಿ ಮುಗಿದ ಮೇಲೆ ಪುಷ್ಪಲತಾ ಹತ್ತಿರ ಬಂದು, "ಯಾವಾಗ ಕರ್ಕಂಡು ಹೋಗ್ತೀರಿ ಬೀಗರೇ?" ಎಂದು ಕೇಳಿದಳು. ಚೊಚ್ಚಲು ತವರಿನಲ್ಲಿ. ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.

"ಒಳ್ಳೆ ದಿನ ನೋಡ್ಕಂಡು ಬರ್ತೀನ್ರಿ," ಎಂದು ಬಂದಳು. ದಿನ ಬೇಕಾದಷ್ಟು ಸಿಗುತ್ತಿತ್ತು. ಜಾಗದ್ದೇ ಪ್ರಶ್ನೆ.

ಬಕ್ಕೇಶಪ್ಪ ಕೆಟ್ಟ ಮನುಷ್ಯನಲ್ಲ. ಹಬ್ಬಕ್ಕೆ ಹೋಳಿಗೆ ಕಳಿಸುವವರು, ಬಾಡಿಗೆ ಎರಡು ದಿನ ತಡವಾದರೆ ಬಾಯಿ ಮಾಡದವರು. ದುರುಗಮ್ಮ ಮೇಲೆ ಹೋಗಿ ವಿಷಯ ಎತ್ತಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ನೋಡಮ್ಮ ದುರುಗಮ್ಮ, ನಮ್ಮಲ್ಲಿ ಸೂತಕ ಗೀತಕ ಏನೂ ಇಲ್ಲ. ಬಸವಣ್ಣೋರು ಅದನ್ನೆಲ್ಲ ಯಾವತ್ತೋ ತೆಗೆದು ಹಾಕ್ಯಾರೆ. ಆದ್ರೆ ನೀರಿಗೆ ನಾನೇನು ಮಾಡ್ಲಿ? ನಲ್ಲಿ ಬರೋದು ವಾರಕ್ಕೊಂದು ಸಲ. ಬಾಣಂತಿಗೆ ಕೊಡ ಎರಡು ಕೊಡದಾಗೆ ಆಗ್ತದಾ? ಉಳಿದ ಮೂರು ಮನಿಯೋರು ನನ್ ಕುತ್ತಿಗಿಗೆ ಬರ್ತಾರೆ."

"ಟ್ಯಾಂಕರ್ ಹಾಕಿಸ್ತೀನಿ ಸಾವ್ಕಾರ್ರೇ."

"ಹಾಕಿಸಿ ಎಲ್ಲಿ ತುಂಬ್ತಿ? ಬಚ್ಚಲದಾಗೆ ಹಂಡೆ ಇಟ್ರೆ ಮನುಷ್ಯರು ನಿಲ್ಲಾಕ ಜಾಗ ಇಲ್ಲ. ಮೂರು ತಿಂಗಳು ದಿನಾ ಕಟ್ಟಿಗಿ ಒಲಿ ಉರಿಸಿದ್ರೆ ಹೊಗಿ ಎಲ್ಲಾ ಮ್ಯಾಲೆ."

ಅವರ ಹೆಂಡತಿ ಶಾಂತಕುಮಾರಿ ಅಡುಗೆಮನೆಯಿಂದ ಬಂದು, "ಬಾಣಂತಿನ್ನ ಕರ್ಕಂಡು ಬಂದು ನೀರಿಲ್ದಂಗ ಮಲಗಿಸಿದ್ರೆ ಅದು ನಮಗೂ ಪಾಪ ಕಣಮ್ಮ," ಎಂದರು. ಅದು ನಿಜವೂ ಆಗಿತ್ತು. ದುರುಗಮ್ಮ ಯಾರೊಂದಿಗೆ ಜಗಳ ಆಡಬೇಕು? ನೀರಿನ ಜೊತೆಗೋ, ತಗಡಿನ ಬಾಗಿಲ ಜೊತೆಗೋ? ಜೈನಾಬಿ ಬಾಯ್ತುಂಬ ಕರೆದಳು. ಆದರೆ ಆ ಒಂದು ಕೋಣೆಯಲ್ಲಿ ಅವಳ ಮಗ, ಸೊಸೆ, ಮೊಮ್ಮಕ್ಕಳು ಒಬ್ಬರ ಕಾಲು ಒಬ್ಬರ ತಲೆಗೆ ಕೊಟ್ಟು ಮಲಗುತ್ತಿದ್ದರು. ಕರೆದದ್ದೇ ದೊಡ್ಡದು.

ಹಾಗಾಗಿ ಬೇರೆ ಮನೆ ಹುಡುಕಲು ಹೊರಟಳು. ವಿದ್ಯಾನಗರದಲ್ಲಿ ಎರೆದು ಮುಗಿಸಿ, ಒದ್ದೆ ಸೀರೆಯಲ್ಲೇ ಬೀದಿ ಬೀದಿ ತಿರುಗಿದಳು. "ಮನೆ ಬಾಡಿಗೆಗೆ ಇದೆ" ಎಂಬ ಬೋರ್ಡು ಬೇಕಾದಷ್ಟು ಕಡೆ ತೂಗುತ್ತಿತ್ತು. ಅದರ ಕೆಳಗಿನ ಮಾತು ಬೋರ್ಡಿನಲ್ಲಿ ಬರೆದಿರುವುದಿಲ್ಲ, ಬಾಗಿಲು ತೆರೆದ ಮೇಲೆ ಕೇಳಿಸುತ್ತದೆ. ಯಾರ ಪೈಕಿ? ಮನೆಯಲ್ಲಿ ಕಟ್ಟಿಗೆ ಒಲೆ ಹಚ್ಚುತ್ತೀರಾ? ಬಾಣಂತಿನಾ? ಬಾಣಂತಿ ಎಂದರೆ ನೀರು, ನೀರು ಎಂದರೆ ಬೇಡ. ಇವರೇ, ತಮ್ಮ ಮನೆಯ ಬಾಣಂತಿಗೆ ಹಂಡೆ ಹಂಡೆ ನೀರು ಹಾಕಿಸಿಕೊಂಡವರು, ಇವಳ ಕೈಯಿಂದಲೇ ಹಾಕಿಸಿಕೊಂಡವರು. ಒಬ್ಬಾಕೆ ಗುರುತು ಹಿಡಿದು, "ಅಯ್ಯೋ ದುರುಗಮ್ಮ, ನೀನಾ? ಕಾಫಿ ಕುಡ್ಕಂಡು ಹೋಗು," ಎಂದಳು. ಕಾಫಿ ಕೊಟ್ಟಳು, ಮನೆ ಕೊಡಲಿಲ್ಲ.

ನಿಟ್ಟುವಳ್ಳಿಯಲ್ಲಿ ಒಂದು ಮನೆ ಸಿಕ್ಕಿತು. ಬಚ್ಚಲು ಒಳಗೇ, ಬೋರಿನ ನೀರು, ಏನೂ ತಕರಾರಿಲ್ಲ. ಬಾಡಿಗೆ ಮಾತ್ರ ಮಾಲತೇಶಪ್ಪ ತಿಂಗಳೆಲ್ಲ ಎಣ್ಣೆಯ ಮುಂದೆ ಬೆಂದು ತರುವಷ್ಟಕ್ಕೆ ಸರಿಯಾಗಿತ್ತು. ಆ ಮನೆ ಹಿಡಿದರೆ ಬಾಣಂತಿಗೆ ತುಪ್ಪದ ಬದಲು ಬಾಡಿಗೆಯ ರಸೀದಿ ತಿನ್ನಿಸಬೇಕಾಗುತ್ತಿತ್ತು. ಕೈಗೆಟುಕುವ ಬಾಡಿಗೆಯದು ಇನ್ನೊಂದಿತ್ತು, ಊರಿನಿಂದ ಬಲು ದೂರ, ಬೆಳಿಗ್ಗೆ ಬಸ್ಸಿಲ್ಲ. ಕೂಸುಗಳಿಗೆ ಎರೆಯುವುದು ಬೆಳಿಗ್ಗೆಯೇ. ಅಲ್ಲಿಗೆ ಹೋದರೆ ಮನೆ ಇರುತ್ತದೆ, ಕೆಲಸ ಇರುವುದಿಲ್ಲ. ಬಡವರ ಮನೆಯ ಸಂಗತಿ ಯಾವಾಗಲೂ ಇಷ್ಟೇ. ಹೊಟ್ಟೆ ಇದ್ದಲ್ಲಿ ಸೂರಿಲ್ಲ, ಸೂರು ಇದ್ದಲ್ಲಿ ಹೊಟ್ಟೆಗಿಲ್ಲ. ಇದನ್ನು ತಿಳಿಯಲು ದೊಡ್ಡ ಓದು ಬೇಕಾಗಿಲ್ಲ, ಒಂದು ವಾರ ಬಾಡಿಗೆ ಮನೆ ಹುಡುಕಿದರೆ ಸಾಕು.

ವಾಣಿಶ್ರೀಗೂ ಸುದ್ದಿ ಮುಟ್ಟಿತ್ತು. ಅವಳು ಬಲು ಕಾಳಜಿಯಿಂದ, "ಮಗಳ ಬಾಣಂತನ ಯಾವಾಗ ದುರುಗಮ್ಮ? ರಜೆ ಮಾತ್ರ ಹಾಕಬೇಡ ಮಾರಾಯ್ತಿ, ನಮ್ಮ ಪಾಪು ಬೇರೆಯವರ ಕೈಗೆ ಅಳುತ್ತೆ," ಎಂದಳು. ದುರುಗಮ್ಮ ಆ ಪಾಪುವಿನ ಬೆನ್ನಿಗೆ ನೀರು ಹಾಕುತ್ತ ಹೂಂ ಎಂದಳು. ಕೂಸಿನ ಮೇಲೆ ಸಿಟ್ಟು ಮಾಡಿಕೊಳ್ಳಲು ಬರುತ್ತದೆಯೇ?

ಕೊನೆಗೆ ಧೈರ್ಯ ಮಾಡಿ ಮನೆ ಹಂಚುವ ಕಚೇರಿಗೆ ಹೋದಳು. ಅಲ್ಲಿನ ನೌಕರ ಅವಳ ಹೆಸರು ಹುಡುಕಿ, "ನಿಮ್ದು ಸ್ವಂತ ಮನೆ ಅಂತ ಇದೆಯಲ್ಲಮ್ಮ," ಎಂದ.

"ಸುಳ್ಳು ಹೇಳಿದ್ದೆ ಸರ್."

ಅವನು ತಲೆ ಎತ್ತಿದ. "ಮನೆ ಇದ್ದೋರು ಇಲ್ಲ ಅಂತ ಸುಳ್ಳು ಹೇಳ್ತಾರೆ. ಇಲ್ದೋರು ಐತೆ ಅಂತ ಹೇಳಿದ್ದು ನಾನು ನೋಡೇ ಇಲ್ಲ. ಯಾಕಮ್ಮ?"

"ಬೀಗರು ಕುಂತಿದ್ರು ಸರ್."

ಅವನು ನಕ್ಕ. ಪಕ್ಕದ ಟೇಬಲ್ಲಿನವನಿಗೂ ಹೇಳಿ ನಗಿಸಿದ. ಆದರೆ ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟ. ಈ ಸಲದ ಮನೆಗಳೆಲ್ಲ ಹಂಚಿ ಮುಗಿದವು, ಇನ್ನು ಮುಂದಿನ ಸರ್ವೆಯಲ್ಲಿ ಹೇಳಬೇಕು ಎಂದ. ಅದು ಯಾವಾಗ ಬರುತ್ತದೆ ಎಂದು ಕೇಳಿದಳು. "ಬಂದಾಗ ಗೊತ್ತಾಗ್ತದೆ," ಎಂದ. ಅದಕ್ಕಿಂತ ಹೆಚ್ಚು ಅವನಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಸರ್ವೆ ಬರಬಹುದು, ಮನೆಯೂ ಬರಬಹುದು. ಹೊಟ್ಟೆಯಲ್ಲಿರುವ ಕೂಸು ಅದಕ್ಕಾಗಿ ಕಾಯುವುದಿಲ್ಲ.

ಇನ್ನು ಉಳಿದ ದಾರಿ ಒಂದೇ. ಹರಿಹರಕ್ಕೆ ಹೋಗಿ, ಕರೆದುಕೊಂಡು ಹೋಗಲು ನನಗೆ ಮನೆ ಇಲ್ಲ ಎಂದು ಬೀಗರ ಮುಂದೆ ಬಾಯಿಬಿಟ್ಟು ಹೇಳುವುದು. ಮಾಲತೇಶಪ್ಪ ತಾನೂ ಬರುತ್ತೇನೆಂದ. ಬೇಡ, ಸುಳ್ಳು ಹೇಳಿದ ಬಾಯಿ ನನ್ನದು ಎಂದು ಒಬ್ಬಳೇ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು, ಕೆಡವಿದಳು, ಮತ್ತೆ ಜೋಡಿಸಿಕೊಂಡಳು. ಪುಷ್ಪಲತಾ ಏನಂದಾಳು ಎನ್ನುವುದಕ್ಕಿಂತ, ಅಂದ ಮೇಲೆ ಆ ಮನೆಯಲ್ಲಿ ಉಳಿಯಬೇಕಾದ ಭವ್ಯಾಳ ಗತಿ ಏನು ಎನ್ನುವುದೇ ಅವಳ ಎದೆಗೆ ಕೂತಿತ್ತು. ಸುಳ್ಳುಗಾರರ ಮಗಳು ಎಂದು ದಿನಾ ಚುಚ್ಚಿದರೆ?

ಬೀಗರ ಮನೆ ಹೊಳೆಯ ಕಡೆಯ ಓಣಿಯಲ್ಲಿ. ಶೀಟಿನ ಮಾಡಿನ ಎರಡು ಕೋಣೆ. ಪುಷ್ಪಲತಾ ಜಗುಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಭವ್ಯಾ ಒಳಗೆ ಮಲಗಿದ್ದಳು. "ಬರ್ರಿ ಬೀಗರೇ, ಕೂಡ್ರಿ," ಎಂದಳು ಪುಷ್ಪಲತಾ. ದುರುಗಮ್ಮ ಕೂರಲಿಲ್ಲ. ಜೋಡಿಸಿಕೊಂಡ ಮಾತೆಲ್ಲ ಮರೆತುಹೋಗಿ, ನಿಂತಲ್ಲೇ ಒಂದೇ ಉಸಿರಿಗೆ ಹೇಳಿಬಿಟ್ಟಳು.

"ಅಕ್ಕಾ, ಅದು ನಮ್ಮ ಸ್ವಂತ ಮನಿ ಅಲ್ಲ. ಬಾಡಿಗಿದು. ಅವತ್ತು ನಿಮ್ಮ ಮುಂದೆ ಸುಳ್ಳು ಹೇಳಿದೆ. ಭವ್ಯಾನ್ನ ಕರ್ಕಂಡು ಹೋಗಿ ಬಾಣಂತನ ಮಾಡಾಕ ನನಗೆ ಜಾಗ ಇಲ್ಲ."

ಪುಷ್ಪಲತಾ ಒಂದು ಕಲ್ಲು ಆರಿಸಿ ಅಂಗಳಕ್ಕೆ ಒಗೆದಳು.

"ಅದು ನನಗೆ ಅವತ್ತೇ ಗೊತ್ತಿತ್ತು."

"ಹೆಂಗೆ ಅಕ್ಕಾ?" ಎಂದಳು ದುರುಗಮ್ಮ.

"ನಿಮ್ಮ ಗೋಡಿಗೆ ಒಂದು ಮೊಳಿ ಇರಲಿಲ್ಲ ಬೀಗರೇ. ದೇವರ ಫೋಟೋ ಟ್ರಂಕಿನ ಮ್ಯಾಲೆ ಗೋಡಿಗೆ ಒರಗಿಸಿ ಇಟ್ಟಿದ್ರಿ. ಕ್ಯಾಲೆಂಡರ್ ಕಿಟಕಿ ಸರಳಿಗೆ ಕಟ್ಟಿದ್ರಿ. ಸ್ವಂತ ಮನಿಯೋರು ಯಾರಾದ್ರೂ ಹಂಗೆ ಮಾಡ್ತಾರಾ? ಮೊಳಿ ಹೊಡೀಬ್ಯಾಡ ಅಂತ ಮಾಲೀಕರು ಹೇಳಿದ ಮನಿ ಹೆಂಗಿರ್ತದೆ ಅಂತ ನನಗೆ ಗೊತ್ತಿಲ್ವಾ? ಕಾರ್ಖಾನಿ ಮುಚ್ಚಿ ಕ್ವಾಟ್ರಸ್ ಬಿಡಿಸಿದ ಮ್ಯಾಲೆ ನಾವು ಎಷ್ಟು ಮನಿ ತಿರುಗಿದ್ವಿ, ನಮಗೇ ನೆನಪಿಲ್ಲ. ಈ ಶೀಟು ಹಾಕಿದ್ದು ಮೊನ್ನೆ ಮೊನ್ನೆ."

"ಮತ್ತೆ ಅವತ್ತೇ ಯಾಕ ಕೇಳಲಿಲ್ಲ ಅಕ್ಕಾ?"

"ನಾವೇನು ಗೋಡಿಗೆ ಹೆಣ್ಣು ಕೇಳಾಕ ಬಂದಿದ್ವಾ? ಹುಡುಗಿ ಚೆನ್ನಾಗಿದ್ಲು, ಮಿರ್ಚಿ ಚೆನ್ನಾಗಿತ್ತು." ಪುಷ್ಪಲತಾ ಮೊರ ಕೆಳಗಿಟ್ಟಳು. ಈಗ ಅವಳ ದನಿ ಬಿಗಿಯಾಯಿತು. "ಸುಳ್ಳು ಹೇಳಿದ್ದಕ್ಕೆ ನನಗೆ ಸಿಟ್ಟಿಲ್ಲ. ಇಷ್ಟು ದಿನ ನಮ್ಮನ್ನ ದಡ್ಡರು ಅಂತ ತಿಳ್ಕಂಡಿದ್ರಲ್ಲ, ಅದಕ್ಕೆ ಸಿಟ್ಟು."

ದುರುಗಮ್ಮನಿಗೆ ಅಲ್ಲೇ ನೆಲ ಹಿಡಿದು ಕೂರುವಂತಾಯಿತು, ಕೂತಳು. ಬೀಗರನ್ನು ನಂಬಿಸಲೆಂದು ಹೇಳಿದ ಮಾತು. ಬೀಗರು ನಂಬಿರಲಿಲ್ಲ. ಗಂಡ ನಂಬಿರಲಿಲ್ಲ, ಮಗಳು ನಂಬಿರಲಿಲ್ಲ, ಹೇಳಿದ ಅವಳೇ ನಂಬಿರಲಿಲ್ಲ. ಆ ಸುಳ್ಳನ್ನು ಜಗತ್ತಿನಲ್ಲಿ ನಂಬಿದ್ದು ಸರ್ಕಾರ ಒಂದೇ. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದು, ಯಾವುದು ಮುಂದೆ ಹೋಗಬೇಕೆಂದು ತಿಳಿಯದೆ ಬಿಕ್ಕಳಿಕೆಯಾಯಿತು. ಪುಷ್ಪಲತಾ ನೀರು ತಂದುಕೊಟ್ಟಳು.

"ಇಲ್ಲೇ ಆಗ್ಲಿ ಬಿಡ್ರಿ," ಎಂದಳು. "ನಮ್ಮ ಬಚ್ಚಲದಾಗೆ ಹಂಡೆ ಐತೆ, ಬೋರಿನ ನೀರೈತೆ. ಎರೆಯೋ ಕೈ ನಿಮ್ದು. ನೀವು ಬಂದಿರ್ರಿ."

ಹೀಗೆ ಭವ್ಯಾಳ ಚೊಚ್ಚಲ ಬಾಣಂತನ ಗಂಡನ ಮನೆಯಲ್ಲಿ ಆಯಿತು. ಹೆಣ್ಣುಕೂಸು, ಗುಂಡುಗುಂಡಗೆ. ಬೀಗಿತಿ ಒಳ್ಳೆಯವಳಾಗಿದ್ದರಿಂದ ಎಲ್ಲ ಸುಖವಾಗಿ ಮುಗಿಯಿತು ಎಂದು ಇಲ್ಲಿಗೇ ಕತೆ ನಿಲ್ಲಿಸಿದರೆ ಕೇಳುವವರಿಗೆ ಹಿತವಾಗಿರುತ್ತದೆ. ಆದರೆ ಇನ್ನೊಬ್ಬರ ಒಳ್ಳೆಯತನ ಎಷ್ಟೇ ದೊಡ್ಡದಿರಲಿ, ಅದರೊಳಗೆ ಕಾಲು ಚಾಚಿ ಮಲಗಲು ಬರುವುದಿಲ್ಲ. ದುರುಗಮ್ಮ ಬೀಗರ ಮನೆಯಲ್ಲಿ ಎರಡನೇ ಸಲ ಅನ್ನ ಬಡಿಸಿಕೊಳ್ಳಲಿಲ್ಲ. ಬಾಣಂತಿಗೆ ಇನ್ನೊಂದು ಚಮಚ ತುಪ್ಪ ಹಾಕಬೇಕೆಂದು ಕೈ ಹೋದರೂ ಡಬ್ಬಿ ಬೇರೆಯವರದು ಎಂದು ಹಿಂದೆ ಬರುತ್ತಿತ್ತು. ಬೆಳಿಗ್ಗೆ ಮೊದಲ ಬಸ್ಸಿಗೆ ದಾವಣಗೆರೆಗೆ ಹೋಗಿ, ವಾಣಿಶ್ರೀಯ ಕೂಸಿಗೆ ಎರೆದು, ಮಧ್ಯಾಹ್ನ ತಿರುಗಿ ಬಂದು ತನ್ನ ಮೊಮ್ಮಗಳಿಗೆ ಎರೆಯುತ್ತಿದ್ದಳು. ಉಳಿದ ಮನೆಗಳು ಬೇರೆಯವರ ಕೈಗೆ ಹೋದವು. ಮಾಲತೇಶಪ್ಪ ಮೊಮ್ಮಗಳನ್ನು ನೋಡಲು ಬಂದರೆ ನೆಂಟರಂತೆ ಜಗುಲಿಯ ತುದಿಗೆ ಕೂತು, ಚಹಾ ಕುಡಿದು, ಹತ್ತು ರೂಪಾಯಿ ಕೂಸಿನ ಕೈಗಿಟ್ಟು ಎದ್ದು ಹೋಗುತ್ತಿದ್ದ.

ಓಣಿಯ ಹೆಂಗಸರು ಕೇಳದೆ ಬಿಡುತ್ತಾರೆಯೇ? "ಏನ್ ಪುಷ್ಪಕ್ಕ, ತವರಿನೋರು ಕರ್ಕಂಡು ಹೋಗ್ಲಿಲ್ವಾ?" ಎಂದರು. ಪುಷ್ಪಲತಾ ಮುಖ ಗಂಭೀರ ಮಾಡಿಕೊಂಡು, "ಡಾಕ್ಟ್ರು ಅಲುಗಾಡಬಾರ್ದು ಅಂದಾರೆ ಕಣ್ರೇ," ಎಂದಳು. ಸಾವಿರ ಸುಳ್ಳಿನಲ್ಲಿ ಎರಡನೆಯದು ಹೀಗೆ ಬೀಗಿತಿಯ ಪಾಲಿಗೆ ಬಂತು. ಒಳಗೆ ಕೇಳಿಸಿಕೊಂಡ ದುರುಗಮ್ಮನಿಗೆ ನಾಚಿಕೆಯಿಂದ ಮುಖ ಬಿಸಿಯಾಯಿತು.

ಒಂದು ದಿನ ನೀರು ಹಾಕುವಾಗ ಭವ್ಯಾ ಮೊಣಕಾಲಿಗೆ ತಲೆಯಿಟ್ಟು, ನೀರಿನ ಸದ್ದಿನಲ್ಲಿ ಬೇರೆ ಯಾರಿಗೂ ಕೇಳದಂತೆ ಹೇಳಿದಳು. "ಅತ್ತೆ ಏನೂ ಅನ್ನಲ್ಲವ್ವ. ಆದ್ರೂ ಮಾವ ಒಳಗೆ ಬಂದ್ರೆ ಎದ್ದು ಕೂಡಬೇಕು. ಹಸಿವಾದ್ರೆ ಬಾಯಿಬಿಟ್ಟು ಕೇಳಾಕ ಆಗಲ್ಲ. ನೋವಾದ್ರೆ ಜೋರಾಗಿ ಅಳಾಕ ಆಗಲ್ಲ. ನಮ್ಮನ್ಯಾಗೆ ಆಗಿದ್ರೆ ಅಳ್ತಿದ್ದೆ."

ದುರುಗಮ್ಮ ಹಂಡೆಯ ನೀರನ್ನೆಲ್ಲ ಎತ್ತಿ ಎತ್ತಿ ಮಗಳ ಬೆನ್ನಿಗೆ ಹಾಕಿದಳು. ಈಗ ಅಳು, ಯಾರಿಗೂ ಕೇಳಲ್ಲ ಎಂದು ಕಿವಿಯಲ್ಲಿ ಹೇಳಿದಳು. ಇಬ್ಬರೂ ಅತ್ತರು.

ಮೂರು ತಿಂಗಳು ತುಂಬಿದ ಮೇಲೆ ಲೋಕದಲ್ಲಿ ನಡೆಯುವುದೇನೆಂದರೆ, ತಾಯಿ ಮಗಳಿಗೆ ಉಡಿ ತುಂಬಿ, ಕೂಸಿನ ಜೊತೆ ಗಂಡನ ಮನೆಗೆ ಕಳಿಸಿಕೊಡುತ್ತಾಳೆ. ಇಲ್ಲಿ ಹೋಗಬೇಕಾದವಳು ತಾಯಿಯೇ. ಮುತ್ತೈದೆ ಬರಿ ಉಡಿಯಲ್ಲಿ ಹೋಗಬಾರದೆಂದು ಪುಷ್ಪಲತಾ ಅಕ್ಕಿ, ಕೊಬ್ಬರಿ, ಬಾಳೆಹಣ್ಣು, ರವಿಕೆ ಕಣ ಹಾಕಿ ದುರುಗಮ್ಮನ ಉಡಿ ತುಂಬಿದಳು. ಭವ್ಯಾ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದು, "ಹೋಗಿ ಬಾರವ್ವ," ಎಂದಳು. ತಾನು ಹೇಳಬೇಕಾದ ಮಾತನ್ನು ಮಗಳ ಬಾಯಲ್ಲಿ ಕೇಳಿ ದುರುಗಮ್ಮ ಕೂಸಿನ ಕೆನ್ನೆ ಸವರಿ, ಉಡಿ ಸರಿಮಾಡಿಕೊಂಡು ಹೊರಟಳು.

ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸು ತುಂಬಿದ ಉಡಿ ನೋಡಿ ನಗುತ್ತಾ ಕೇಳಿದಳು. "ತವರಿಂದ ಹೊಂಟೀರೇನ್ರಿ?"

"ಇಲ್ರಿ. ಮಗಳ ಬಾಣಂತನ ಮುಗಿಸ್ಕಂಡು ಹೊಂಟೀನಿ."

"ಮತ್ತೆ ಮಗಳೆಲ್ಲಿ?"

"ಇಲ್ಲೇ ಹರಿಹರದಾಗೆ. ಗಂಡನ ಮನ್ಯಾಗೆ."

"ಎರಡನೇದೇನ್ರಿ?"

"ಚೊಚ್ಚಲು."

ಹೆಂಗಸು ಹುಬ್ಬು ಗಂಟು ಹಾಕಿದಳು. ಡಾಕ್ಟರು ಅಲುಗಾಡಬಾರದು ಅಂದಿದ್ದರು ಎನ್ನುವ ಮಾತು ದುರುಗಮ್ಮನ ನಾಲಗೆಯ ತುದಿಗೆ ತಾನಾಗಿಯೇ ಬಂದು ನಿಂತಿತು. ಅದನ್ನು ನುಂಗಿಕೊಂಡಳು.

"ನಮಗೆ ಮನಿ ಇಲ್ರಿ," ಎಂದಳು. "ಬಾಡಿಗಿ ವಠಾರ. ಬಾಣಂತಿಗೆ ನೀರು ಹಾಕಾಕ ಬಚ್ಚಲಿಲ್ಲ. ಅದಕ್ಕೇ ಕರ್ಕಂಡು ಹೋಗಲಿಲ್ಲ."

ಮುಂದಿನ ಸೀಟಿನವರು ತಿರುಗಿ ನೋಡಿದರು. ಹೆಂಗಸು ದನಿ ತಗ್ಗಿಸಿ, ಇವಳ ಮೊಣಕೈ ಒತ್ತಿ, "ಹಂಗೆಲ್ಲ ಬಸ್ಸಿನಾಗೆ ಹೇಳಬಾರ್ದವ್ವ. ನಾಲ್ಕು ಜನ ಕೇಳಿಸ್ಕಂತಾರೆ," ಎಂದಳು.

"ಕೇಳ್ಲಿ ಬಿಡ್ರಿ," ಎಂದಳು ದುರುಗಮ್ಮ, ಹಿಂದಿನ ಸೀಟಿನವರಿಗೂ ಕೇಳುವಷ್ಟು ಜೋರಾಗಿ. "ಹೇಳದೇನೇ ಕೆಟ್ಟೀನಿ ನಾನು. ಇನ್ನ ಹೇಳೇ ಕೆಡ್ತೀನಿ."